ಬೇಸಿಗೆಯ ಬಿರುಗಾಳಿ: ಮನೆಯ ತಗಡು ಮತ್ತು ಗೋಡೆಗಳ ರಕ್ಷಣೆ

ಯುಗಾದಿ ಕಳೆದು ಅಶ್ವಿನಿ, ಭರಣಿ ಮಳೆಗಳ ದಿನ ಬಂದವೆಂದರೆ ನವಲಗುಂದ, ಅಣ್ಣಿಗೇರಿ, ಕುಂದಗೋಳ ಭಾಗದ ರೈತರ ಕಣ್ಣು ಸಂಜೆಯ ಹೊತ್ತಿಗೆ ಆಕಾಶದ ಕಡೆ ತಿರುಗುತ್ತದೆ. ಒಂದು ಅಡ್ಡಮಳೆ ಹದವಾಗಿ ಬಿದ್ದರೆ ನೆಲ ಹರಗಲು ಅನುಕೂಲ. ಆದರೆ ಅದೇ ಮೋಡ ಮಳೆಗಿಂತ ಮೊದಲು ಗಾಳಿಯನ್ನು ಕಳಿಸುತ್ತದೆ. ಹತ್ತು ಹದಿನೈದು ನಿಮಿಷ ಬೀಸುವ ಆ ಗಾಳಿಗೆ ಮನೆಯ ತಗಡು ಹಾರುತ್ತದೆ. ಹಿಂದೆಯೇ ಬರುವ ಮಳೆಗೆ ಬಿತ್ತಲೆಂದು ಇಟ್ಟ ಶೇಂಗಾ, ಹೆಸರು, ಗೊಬ್ಬರದ ಚೀಲ ಎಲ್ಲ ನೆನೆಯುತ್ತವೆ. ಹಾರಿದ ತಗಡು ಓಣಿಯಲ್ಲಿ ಎಲ್ಲಿ ಬೀಳುವುದೆಂದು ಹೇಳಲು ಬಾರದು. ಅದರ ಅಂಚು ತಗಲಿದರೆ ದನವೂ ಉಳಿಯದು, ಮನುಷ್ಯನೂ ಉಳಿಯಲಾರ.

ಬೇಸಾಯಶಾಸ್ತ್ರದವರಿಗೆ ಮನೆಯ ಉಸಾಬರಿ ಏಕೆಂದು ಕೆಲವರು ಕೇಳಬಹುದು. ಗೋವಿನಜೋಳವನ್ನು ಮಲಗಿಸುವ ಗಾಳಿಯೇ ತಗಡನ್ನೂ ಎತ್ತುತ್ತದೆ. ಅದರ ನಡತೆಯನ್ನು ನಾವು ಹೊಲದಲ್ಲಿ ದಿನವೂ ನೋಡುತ್ತೇವೆ. ಬೀಜ, ಮೇವು, ದನ ಎಲ್ಲವೂ ಇರುವುದು ಆ ತಗಡಿನ ಕೆಳಗೇ.

ಮಾಳಿಗೆ ಏಕೆ ಹಾರುತ್ತಿರಲಿಲ್ಲ?

ನಮ್ಮ ಎರಿ ಭೂಮಿಯ ಹಳ್ಳಿಗಳಲ್ಲಿ ಹಿಂದಿನವರು ಕಟ್ಟಿದ್ದು ಮಣ್ಣಿನ ಮಾಳಿಗೆ ಮನೆ. ಎರಡಡಿ ದಪ್ಪದ ಗೋಡೆ, ಕಂಬದ ಮೇಲೆ ತೊಲೆ, ತೊಲೆಯ ಮೇಲೆ ಜಂತಿ, ಅದರ ಮೇಲೆ ಒಂದಡಿಯಷ್ಟು ಮಣ್ಣು. ಇಂಥ ಮನೆ ಮಳೆಗೆ ಸೋರಿದ್ದುಂಟು, ಗೋಡೆ ನೆನೆದು ಕುಸಿದದ್ದೂ ಉಂಟು. ಗಾಳಿಗೆ ಮಾಳಿಗೆ ಹಾರಿಹೋಯಿತೆಂಬ ಮಾತನ್ನು ಯಾರೂ ಕೇಳಿಲ್ಲ.

ಉತ್ತರ ಕರ್ನಾಟಕದಲ್ಲಿ 2009 ರ ಸೆಪ್ಟೆಂಬರ್ ಕೊನೆ ಮತ್ತು ಅಕ್ಟೋಬರ್ ಆರಂಭದ ಮಳೆ, ಆಮೇಲೆ 2019 ರ ಆಗಸ್ಟ್ ಮಳೆ ಸಾವಿರಾರು ಮಣ್ಣಿನ ಮನೆಗಳನ್ನು ಕೆಡವಿದವು. ವರ್ಷವರ್ಷ ಮಾಳಿಗೆಗೆ ಸವಳು ಮಣ್ಣು ಹೊರುವ ಆಳುಗಳೂ ಈಗ ಸಿಗುವುದಿಲ್ಲ. ಆದ್ದರಿಂದ ಅನೇಕರು ಮಾಳಿಗೆಯನ್ನು ಬಿಚ್ಚಿ, ಅದೇ ಹಳೆಯ ಗೋಡೆಗಳ ಮೇಲೆ ತಗಡು (ಪತ್ರಾಸ್) ಹೊದಿಸಿದ್ದಾರೆ. ಇದು ತಪ್ಪಲ್ಲ. ಆದರೆ ಮಾಳಿಗೆಯ ಮಣ್ಣು ನೆರಳು ಕೊಡುವುದಲ್ಲದೆ ಇನ್ನೊಂದು ಕೆಲಸವನ್ನೂ ಮಾಡುತ್ತಿತ್ತು. ತನ್ನ ಭಾರದಿಂದ ತೊಲೆ ಜಂತಿಗಳನ್ನು ಗೋಡೆಗೆ ಅದುಮಿ ಹಿಡಿಯುತ್ತಿತ್ತು. ಮಣ್ಣನ್ನು ತೆಗೆದಾಗ ಆ ಹಿಡಿತವೂ ಹೋಯಿತು. ಅದರ ಬದಲಿಗೆ ಬೇರೆ ಹಿಡಿತ ಕೊಟ್ಟವರು ಕಡಿಮೆ.

ಕಣದಲ್ಲಿ ರಾಶಿ ತೂರಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕಾಳು ಕಾಲ ಬುಡದಲ್ಲಿ ಬೀಳುತ್ತದೆ, ಹೊಟ್ಟು ದೂರ ಹಾರುತ್ತದೆ. ಮಾಳಿಗೆ ಕಾಳಿನಂತೆ, ತಗಡು ಹೊಟ್ಟಿನಂತೆ. ಒಂದಡಿ ಮಣ್ಣಿನ ಮಾಳಿಗೆ ಒಂದು ಚದರ ಮೀಟರಿಗೆ (ಸುಮಾರು 10¾ ಚದರ ಅಡಿಗೆ) 5 ಕ್ವಿಂಟಲ್ ಸಮೀಪ ತೂಗುತ್ತದೆ. ಮಂಗಳೂರು ಹಂಚು ಅದೇ ಜಾಗಕ್ಕೆ ಸುಮಾರು 40 ಕಿ.ಗ್ರಾಂ. ಅರ್ಧ ಮಿ.ಮೀ. ದಪ್ಪದ ತಗಡಾದರೆ 4 ರಿಂದ 5 ಕಿ.ಗ್ರಾಂ. ಮಾತ್ರ.

ಇನ್ನು ಗಾಳಿಯ ಬಲ. ಗಂಟೆಗೆ 50 ಕಿ.ಮೀ. ವೇಗದ ಗಾಳಿಯ ಒತ್ತಡ ಒಂದು ಚದರ ಮೀಟರಿಗೆ ಸುಮಾರು 12 ಕಿ.ಗ್ರಾಂ. ಭಾರಕ್ಕೆ ಸಮ. ವೇಗ ಎರಡು ಪಟ್ಟಾದರೆ ಬಲ ಎರಡು ಪಟ್ಟಾಗುವುದಿಲ್ಲ, ನಾಲ್ಕು ಪಟ್ಟಾಗುತ್ತದೆ. ಅಂದರೆ 100 ಕಿ.ಮೀ. ವೇಗಕ್ಕೆ ಸುಮಾರು 47 ಕಿ.ಗ್ರಾಂ. ಹತ್ತಡಿ ಉದ್ದ, ಮೂರೂವರೆ ಅಡಿ ಅಗಲದ ಒಂದು ತಗಡು ತೂಗುವುದು 15 ಕಿ.ಗ್ರಾಂ.; ಅಂಥ ಗಾಳಿ ಅದನ್ನು ಎತ್ತುವ ಬಲ ಒಂದೂವರೆ ಕ್ವಿಂಟಲ್. ತಗಡಿನ ಮೇಲೆ ಹೇರಿದ ನಾಲ್ಕು ಕಲ್ಲು, ಎರಡು ಹಳೆಯ ಟೈರು ಈ ಲೆಕ್ಕಕ್ಕೆ ಎಷ್ಟರ ಪಾಡು? ತಗಡು ಎದ್ದಾಗ ಆ ಕಲ್ಲು ಉರುಳಿ ಮನೆಯೊಳಗೆ ಬೀಳುವುದು ಇನ್ನೊಂದು ಅಪಾಯ. ಕಲ್ಲು ಹೇರುವ ರೂಢಿಯನ್ನು ಪೂರ್ತಿ ಬಿಡುವುದು ಒಳ್ಳೆಯದು.

ಗಾಳಿ ನೂಕುವುದಕ್ಕಿಂತ ಹೆಚ್ಚಾಗಿ ಎತ್ತುತ್ತದೆ

ಗಾಳಿ ತಗಡನ್ನು ಪಕ್ಕದಿಂದ ನೂಕಿ ಕೆಡವುತ್ತದೆ ಎಂಬುದು ಸಾಮಾನ್ಯ ತಿಳಿವಳಿಕೆ. ನಿಜವಾಗಿ ನಡೆಯುವುದು ಬೇರೆ. ಕಾಲುವೆ ಇಕ್ಕಟ್ಟಾದಲ್ಲಿ ನೀರು ಜೋರಾಗಿ ಓಡುವಂತೆ, ಮನೆಗೆ ಅಡ್ಡ ಬಂದ ಗಾಳಿ ಛಾವಣಿಯ ಮೇಲೆ ಹಾಯುವಾಗ ವೇಗ ಪಡೆಯುತ್ತದೆ. ವೇಗ ಹೆಚ್ಚಿದಲ್ಲಿ ಒತ್ತಡ ಇಳಿಯುತ್ತದೆ, ತಗಡು ಮೇಲಕ್ಕೆ ಸೆಳೆಯಲ್ಪಡುತ್ತದೆ. ಈ ಸೆಳೆತ ಛಾವಣಿಯ ನಡುವೆ ಕಡಿಮೆ. ಸೂರಿನ ಅಂಚು, ಮೂಲೆ ಮತ್ತು ನೆತ್ತಿಯಲ್ಲಿ ಹೆಚ್ಚು. ಹಾರಿದ ಮನೆಗಳನ್ನು ನೋಡಿದರೆ ಮೊದಲು ಎದ್ದದ್ದು ಮೂಲೆಯ ತಗಡೇ ಆಗಿರುತ್ತದೆ. ಅದು ಎದ್ದ ಮೇಲೆ ಗಾಳಿ ಒಳಗೆ ನುಗ್ಗಿ ಉಳಿದವನ್ನು ಒಂದೊಂದಾಗಿ ಬಿಚ್ಚುತ್ತದೆ.

ಗಾಳಿ ಬರುವ ದಿಕ್ಕಿನ ಬಾಗಿಲು ತೆರೆದಿದ್ದು ಹಿಂದಿನ ಬಾಗಿಲು ಮುಚ್ಚಿದ್ದರೆ ಒಳಹೊಕ್ಕ ಗಾಳಿಗೆ ಹೋಗಲು ದಾರಿ ಇರುವುದಿಲ್ಲ. ಅದು ಕೆಳಗಿನಿಂದ ತಗಡನ್ನು ನೂಕುತ್ತದೆ. ಮೇಲಿನಿಂದ ಸೆಳೆತ, ಕೆಳಗಿನಿಂದ ನೂಕು. ಮೂರು ಕಡೆ ಗೋಡೆಯಿದ್ದು ಒಂದು ಕಡೆ ತೆರೆದ ದನದ ಕೊಟ್ಟಿಗೆಗಳು ಹೆಚ್ಚಾಗಿ ಹಾರುವುದು ಇದೇ ಕಾರಣಕ್ಕೆ.

ದಿಕ್ಕಿನ ಬಗ್ಗೆಯೂ ಒಂದು ಮಾತು. ಜೂನ್‌ನಿಂದ ಆಗಸ್ಟ್‌ವರೆಗಿನ ಮುಂಗಾರಿನ ಗಾಳಿ ಪಡುವಣ ಮತ್ತು ನೈರುತ್ಯದಿಂದ ಒಂದೇ ಸಮನೆ ಬೀಸುತ್ತದೆ. ಆದರೆ ಏಪ್ರಿಲ್, ಮೇ ತಿಂಗಳ ಬಿರುಗಾಳಿ ಹಾಗಲ್ಲ. ಗುಡುಗಿನ ಮೋಡದಿಂದ ಮಳೆಯೊಡನೆ ತಂಪು ಗಾಳಿ ಕೆಳಗೆ ಧುಮುಕಿ, ನೆಲಕ್ಕೆ ಬಡಿದು ಎಲ್ಲ ಕಡೆ ಹರಡುತ್ತದೆ. ಮೋಡ ಯಾವ ಕಡೆ ಇದೆಯೋ ಆ ಕಡೆಯಿಂದ ಗಾಳಿ. ಮೋಡ ಸರಿದಂತೆ ಅದೂ ತಿರುಗುತ್ತದೆ. ಗಿಡಮರಗಳಿಲ್ಲದ ನಮ್ಮ ಬಯಲು ಎರಿ ಸೀಮೆಯಲ್ಲಿ ಅದನ್ನು ತಡೆಯುವುದು ಏನೂ ಇಲ್ಲ. ಆದ್ದರಿಂದ ಪಡುವಣ ಬದಿಯನ್ನಷ್ಟೇ ಭದ್ರಪಡಿಸಿ ಉಳಿದ ಮೂರು ಕಡೆ ಬಿಟ್ಟರೆ ಸಾಲದು.

ತಗಡನ್ನು ಹಿಡಿಸುವ ರೀತಿ

ತಗಡು ಕೊಳ್ಳುವಾಗ ಬಣ್ಣ ನೋಡುವುದಕ್ಕಿಂತ ದಪ್ಪ ನೋಡಬೇಕು. ಅರ್ಧ ಮಿ.ಮೀ.ಗಿಂತ ತೆಳುವಾದ ತಗಡು ಕೊಕ್ಕೆಯ ಬಳಿ ಹರಿಯುತ್ತದೆ. ಕೊಕ್ಕೆ ಗಟ್ಟಿಯಾಗಿದ್ದರೂ ತಗಡೇ ಹರಿದು ಕಳಚಿಕೊಂಡರೆ ಫಲವೇನು? ಬರಿಯ ಮೊಳೆ ಹೊಡೆಯುವುದನ್ನು ಬಿಡಬೇಕು; ತಗಡು ಗಾಳಿಗೆ ಮಿಡಿದಂತೆಲ್ಲ ಮೊಳೆ ಸಡಿಲವಾಗಿ ಮೇಲೇಳುತ್ತದೆ. ಅಡ್ಡಪೈಪನ್ನು ಕೆಳಗಿನಿಂದ ತಬ್ಬಿ ಹಿಡಿಯುವ ಜೆ-ಹುಕ್ಕು, ಅದರ ಮೇಲೆ ಅಗಲವಾದ ಕಬ್ಬಿಣದ ವಾಷರು, ಅದರ ಕೆಳಗೆ ರಬ್ಬರ್ ವಾಷರು ಇರಬೇಕು. ತೂತನ್ನು ತಗಡಿನ ಉಬ್ಬಿನಲ್ಲಿ ಕೊರೆಯಬೇಕು. ತಗ್ಗಿನಲ್ಲಿ ಕೊರೆದರೆ ಸೋರುತ್ತದೆ.

ಎಲ್ಲ ಕಡೆ ಒಂದೇ ಅಂತರದಲ್ಲಿ ಹುಕ್ಕು ಹಾಕುವುದು ಗೌಂಡಿಗಳ ರೂಢಿ. ಸೆಳೆತ ಎಲ್ಲ ಕಡೆ ಒಂದೇ ಅಲ್ಲವಾದ್ದರಿಂದ ಇದು ಸರಿಯಲ್ಲ. ಸೂರಿನ ಸಾಲು, ನೆತ್ತಿಯ ಸಾಲು ಮತ್ತು ಎರಡೂ ಬದಿಯ ಕೊನೆಯ ತಗಡುಗಳಲ್ಲಿ ನಡುವಿಗಿಂತ ಎರಡು ಪಟ್ಟು ಹುಕ್ಕು ಇರಲಿ. ಅಡ್ಡಪೈಪುಗಳನ್ನೂ ಅಂಚಿನಲ್ಲಿ ಹತ್ತಿರ ಹತ್ತಿರ ಕೂಡ್ರಿಸಬೇಕು. ಹಣದ ಅಡಚಣೆಯಿದ್ದವರು ಈ ವರ್ಷ ಅಂಚು ಮೂಲೆಗಳಿಗಷ್ಟೇ ಹೆಚ್ಚಿನ ಹುಕ್ಕು ಹಾಕಿಸಿದರೂ ಅರ್ಧ ಕೆಲಸ ಆದಂತೆ.

ತಗಡು ಹೊದಿಸುವಾಗ ಮೂಡಣ ತುದಿಯಿಂದ ಆರಂಭಿಸಿ ಪಡುವಣಕ್ಕೆ ಬರಬೇಕು. ಆಗ ಒಂದರ ಮೇಲೊಂದು ಬರುವ ಅಂಚು ಮೂಡಣಕ್ಕೆ ತೆರೆದಿರುತ್ತದೆ. ಮುಂಗಾರಿನ ಗಾಳಿ ಮಳೆ ಅದರಡಿ ನುಗ್ಗುವುದಿಲ್ಲ. ಗೋಡೆಯಿಂದ ಹೊರಚಾಚು ಒಂದೂವರೆ ಅಡಿ ಮೀರದಿರಲಿ. ಗೋಡೆ ನೆನೆಯಬಾರದೆಂದು ಮೂರು ನಾಲ್ಕು ಅಡಿ ಚಾಚುವವರಿದ್ದಾರೆ. ಆ ಚಾಚೇ ಗಾಳಿಗೆ ಹಿಡಿಕೆಯಾಗುತ್ತದೆ. ಮುಂದಿನ ಕಟ್ಟೆಗೆ ನೆರಳು ಬೇಕೆಂದರೆ ಅದಕ್ಕೆ ಬೇರೆ ಕಂಬ, ಬೇರೆ ತಗಡು ಹಾಕಿ, ಮನೆಯ ತಗಡಿಗೆ ಜೋಡಿಸದೆ ಬಿಡಬೇಕು. ಗಾಳಿಗೆ ಅದು ಹೋದರೂ ಮನೆಯ ಛಾವಣಿಯನ್ನು ಎಳೆದುಕೊಂಡು ಹೋಗುವುದಿಲ್ಲ. ಇಳಿಜಾರೂ ಮುಖ್ಯ. ತಗಡು ಉಳಿತಾಯವಾಗುತ್ತದೆಂದು ಬಹುಮಟ್ಟಿಗೆ ಸಪಾಟಾಗಿ ಹೊದಿಸಿದ ಛಾವಣಿಗೆ ಸೆಳೆತ ಹೆಚ್ಚು, ಒಳ್ಳೆಯ ಇಳಿಜಾರಿನ ಛಾವಣಿಗೆ ಕಡಿಮೆ.

ತೊಲೆಯನ್ನು ಗೋಡೆಗೆ ಕಟ್ಟುವುದು

ತಗಡು ಪೈಪಿಗೆ ಎಷ್ಟು ಭದ್ರವಾಗಿದ್ದರೂ ಪೈಪು, ತೊಲೆಗಳು ಗೋಡೆಯ ಮೇಲೆ ಸುಮ್ಮನೆ ಕೂತಿದ್ದರೆ ಗಾಳಿ ಇಡೀ ಛಾವಣಿಯನ್ನು ಚೌಕಟ್ಟಿನ ಸಮೇತ ಎತ್ತಿ ಹಿತ್ತಲಿಗೆ ಎಸೆಯುತ್ತದೆ. ನನ್ನ ಅಭಿಪ್ರಾಯದಲ್ಲಿ ಹೆಚ್ಚು ಅಲಕ್ಷ್ಯಕ್ಕೆ ಒಳಗಾದ ಕೆಲಸ ಇದೇ. ಗೋಡೆಯ ನೆತ್ತಿಯಲ್ಲಿ ಅಂಗೈಯಷ್ಟು ಸಿಮೆಂಟು ಮೆತ್ತಿ ಪೈಪು ಕೂಡ್ರಿಸಿದರೆ ಅದು ಹಿಡಿತವಲ್ಲ. ಕೆಳಗಿನ ಮಣ್ಣಿಗೂ ಆ ಸಿಮೆಂಟಿಗೂ ಬೆಸುಗೆಯೇ ಇರುವುದಿಲ್ಲ.

ಮಾಳಿಗೆಯ ಮಣ್ಣು ಮಾಡುತ್ತಿದ್ದ ಕೆಲಸವನ್ನು ಈಗ ಗೋಡೆಯ ಮಣ್ಣಿನಿಂದ ಮಾಡಿಸಬೇಕು. ಹನ್ನೆರಡು ಅಡಿ ಅಗಲದ ಮನೆಯಲ್ಲಿ, 100 ಕಿ.ಮೀ. ವೇಗದ ಗಾಳಿಗೆ, ಒಂದು ಮೀಟರು ಉದ್ದದ ಗೋಡೆಯ ಪಾಲಿಗೆ ಬರುವ ಎತ್ತುವಿಕೆ ಸುಮಾರು 86 ಕಿ.ಗ್ರಾಂ. ಅಂಚಿನ ಸೆಳೆತಕ್ಕೆಂದು ಎರಡು ಪಟ್ಟು ಹಿಡಿದರೂ ಎರಡು ಕ್ವಿಂಟಲ್ ದಾಟುವುದಿಲ್ಲ. ಎರಡಡಿ ದಪ್ಪದ ಮಣ್ಣಿನ ಗೋಡೆಯಲ್ಲಿ ನೆತ್ತಿಯಿಂದ ಎರಡಡಿ ಕೆಳಗಿನವರೆಗಿನ ಭಾಗ ಮೀಟರಿಗೆ 6 ಕ್ವಿಂಟಲ್ ಹತ್ತಿರ ತೂಗುತ್ತದೆ. ಅಷ್ಟು ಭಾರವನ್ನು ತೊಲೆಗೆ ಜೋತುಹಾಕಿದರೆ ಸಾಕು.

ವಿಧಾನ ಸರಳ. ಗೋಡೆಯ ನೆತ್ತಿಯಿಂದ ಎರಡರಿಂದ ಮೂರು ಅಡಿ ಕೆಳಗೆ ಆರಪಾರ ತೂತು ಕೊರೆದು, ದಪ್ಪ ಕಲಾಯಿ ತಂತಿಯ ಎರಡು ಮೂರು ಎಳೆ ಅಥವಾ ಕಬ್ಬಿಣದ ಪಟ್ಟಿಯನ್ನು ತೂರಿಸಿ, ಮೇಲೆ ತೊಲೆಯನ್ನು ಸುತ್ತಿ ಬಿಗಿಯಬೇಕು. ತಂತಿ ಮಣ್ಣನ್ನು ಕೊಯ್ಯದಂತೆ ಗೋಡೆಯ ಎರಡೂ ಬದಿಗೆ, ತೂತಿನ ಮೇಲಂಚಿಗೆ ಒಂದು ಚಪ್ಪಡಿ ಕಲ್ಲು ಅಥವಾ ಗಟ್ಟಿ ಕಟ್ಟಿಗೆಯ ತುಂಡು ಕೊಡಬೇಕು. ಮೂರು ನಾಲ್ಕು ಅಡಿಗೆ ಒಂದರಂತೆ ಹೀಗೆ ಕಟ್ಟಿದರೆ, ಗೋಡೆ ಒಣಗಿ ಗಟ್ಟಿಯಾಗಿರುವವರೆಗೆ ಛಾವಣಿ ಏಳುವುದಿಲ್ಲ. ಊರಿನ ಕಂಬಾರರು, ಗೌಂಡಿಗಳು ಸೇರಿ ಮಾಡಬಹುದಾದ ಕೆಲಸ. ಸಿಮೆಂಟ್ ಇಟ್ಟಿಗೆಯ ಆರಿಂಚು ಗೋಡೆಯಾದರೆ ಅದರ ಭಾರ ಬಹಳ ಕಡಿಮೆ. ಅಲ್ಲಿ ಎರಡಡಿ ಸಾಲದು. ಕಟ್ಟನ್ನು ಬಾಗಿಲ ಮೇಲಿನ ಲಿಂಟಲ್‌ವರೆಗೆ ಇಳಿಸಬೇಕು. ಹೊಸದಾಗಿ ಕಟ್ಟುವವರು ಸಲಾಕೆಗಳನ್ನು ಲಿಂಟಲ್‌ನಿಂದಲೇ ಮೇಲಕ್ಕೆ ಬಿಡಿಸುವುದು ಉತ್ತಮ.

ಎರಿ ನೆಲದಲ್ಲಿ ಕೊಟ್ಟಿಗೆಯ ಕಂಬ

ಎರಿ ಮಣ್ಣು ಬೇಸಿಗೆಯಲ್ಲಿ ಒಣಗಿ ಬಿರಿಯುತ್ತದೆ, ಮಳೆಗಾಲದಲ್ಲಿ ಉಬ್ಬುತ್ತದೆ. ಹೊಲದಲ್ಲಿ ಇದು ನಮಗೆ ಗೊತ್ತು. ಕೊಟ್ಟಿಗೆಯ ಕಂಬ ಹುಗಿಯುವಾಗ ಮರೆಯುತ್ತೇವೆ. ಏಪ್ರಿಲ್ ಹೊತ್ತಿಗೆ ಕಂಬದ ಸುತ್ತ ಬೆರಳು ಹೋಗುವಷ್ಟು ಸಂದು ಬಿಟ್ಟಿರುತ್ತದೆ. ಬಿರುಗಾಳಿಯ ದಿನಗಳಲ್ಲೇ ಕಂಬದ ಹಿಡಿತ ಕಡಿಮೆಯಾಗಿರುವುದು ಹೀಗೆ. ಕಂಬದ ಕುಣಿಯನ್ನು ಅಗಲವಾಗಿ ತೋಡಿ, ಎರಿ ಮಣ್ಣನ್ನು ಹೊರಹಾಕಿ, ತಳದಲ್ಲಿ ಅಗಲವಾದ ಕಾಂಕ್ರೀಟಿನ ಪಾದ ಕೊಟ್ಟು, ಮೇಲೆ ಗರಸು ತುಂಬಿ ದಿಮ್ಮಸು ಹೊಡೆಯಬೇಕು. ತೋಡಿದ ಎರಿ ಮಣ್ಣನ್ನೇ ಮತ್ತೆ ತುಂಬಬಾರದು. ಹಳೆಯ ಕಂಬಗಳಾದರೆ ಯುಗಾದಿಯ ಹೊತ್ತಿಗೆ ಸುತ್ತಲಿನ ಸಂದುಗಳಿಗೆ ಗರಸು ತುಂಬಿ ಬಿಗಿ ಮಾಡಬಹುದು.

ಕಲಘಟಗಿಯ ಹಂಚಿನ ಮನೆಗಳು

ಕಲಘಟಗಿ ಕಡೆಯ ಅರೆಮಲೆನಾಡಿನಲ್ಲಿ ಹಂಚಿನ ಮನೆಗಳು ಇನ್ನೂ ಸಾಕಷ್ಟಿವೆ. ಬಾಸೆಲ್ ಮಿಷನ್ನಿನವರು 1865 ರಲ್ಲಿ ಮಂಗಳೂರಿನಲ್ಲಿ ಆರಂಭಿಸಿದ ಈ ಹಂಚಿಗೆ ತೂಕವೂ ಇದೆ, ಸಂದುಗಳೂ ಇವೆ. ಸಂದುಗಳ ಮೂಲಕ ಗಾಳಿ ಒಳಗಿಂದ ಹೊರಗೆ ಹಾಯುವುದರಿಂದ ಒತ್ತಡ ಸಮವಾಗುತ್ತದೆ, ಛಾವಣಿ ಒಟ್ಟಾಗಿ ಹಾರುವುದಿಲ್ಲ. ಅಂಚಿನ ಒಂದೆರಡು ಸಾಲು ಜಾರುತ್ತವೆ, ಅಷ್ಟೆ. ಸೂರಿನ ಎರಡು ಸಾಲು ಮತ್ತು ಬದಿಯ ಹಂಚುಗಳನ್ನು ಕೆಳಗಿನಿಂದ ತಂತಿಯಲ್ಲಿ ರೀಪಿಗೆ ಕಟ್ಟಿ, ನೆತ್ತಿಯ ಹಂಚನ್ನು ಗಾರೆಯಲ್ಲಿ ಕೂಡ್ರಿಸಿದರೆ ಸಾಕಾಗುತ್ತದೆ. ಅಲ್ಲಿ ನಿಜವಾದ ಭಯ ಮರ ಮುರಿದು ಬೀಳುವುದು. ಛಾವಣಿಯ ಮೇಲೆ ಬಾಗಿದ ಕೊಂಬೆಗಳನ್ನು ಮಾರ್ಚ್ ತಿಂಗಳೊಳಗೆ ಸವರಿಸಬೇಕು.

ಗಾಳಿ ತಡೆಯುವ ಮರಸಾಲು

ಬಯಲು ಸೀಮೆಯವರಿಗೆ ಮರ ಬೇಕು, ಆದರೆ ದೂರದಲ್ಲಿ ಬೇಕು. ಮರಸಾಲಿನ ಆಸರೆ ಅದರ ಎತ್ತರದ ಹತ್ತು ಪಟ್ಟು ದೂರದವರೆಗೂ ಚೆನ್ನಾಗಿ ಸಿಗುತ್ತದೆ. ಇಪ್ಪತ್ತು ಅಡಿ ಎತ್ತರದ ಸಾಲನ್ನು ಮನೆಯಿಂದ ನಲವತ್ತರಿಂದ ನೂರು ಅಡಿ ದೂರದಲ್ಲಿ, ಪಡುವಣ ಮತ್ತು ನೈರುತ್ಯಕ್ಕೆ ಬೆಳೆಸಿದರೆ ಮುಂಗಾರಿನ ಗಾಳಿಗೆ ಮನೆ, ಕಣ, ಬಣವೆ ಮೂರಕ್ಕೂ ಆಸರೆ. ಹಿತ್ತಲಿನ ಗೋಡೆಗೆ ತಾಗಿ ಮರ ಹಚ್ಚಿದರೆ ಎರಡು ತೊಂದರೆ. ಮುರಿದರೆ ಮನೆಯ ಮೇಲೆಯೇ ಬೀಳುತ್ತದೆ. ಅದರ ಬೇರು ಅಡಿಪಾಯದ ಎರಿ ಮಣ್ಣಿನ ತೇವವನ್ನು ಹೀರಿ ನೆಲ ಇಳಿದು ಗೋಡೆ ಬಿರುಕು ಬಿಡುತ್ತದೆ.

ಮರಸಾಲು ಕೋಟೆಯ ಗೋಡೆಯಂತೆ ಒತ್ತಾಗಿ ಇರಬೇಕೆಂದು ತಿಳಿಯಬಾರದು. ಅರ್ಧದಷ್ಟು ಗಾಳಿ ನುಸುಳಿ ಬರುವಂತಿದ್ದರೆ ಅದು ಸುಳಿಯಾಗದೆ ಮೆಲ್ಲಗಾಗುತ್ತದೆ. ಬೇವು, ಹೊಂಗೆ, ಕರಿಜಾಲಿ ಒಂದು ಸಾಲು, ಅವುಗಳ ಬುಡದ ತೆರಪು ತುಂಬಲು ಗ್ಲಿರಿಸಿಡಿಯಾ ಅಥವಾ ಸೀತಾಫಲ ಇನ್ನೊಂದು ಸಾಲು ಸಾಕು. ಗ್ಲಿರಿಸಿಡಿಯಾದ ಸೊಪ್ಪು ಹೊಲಕ್ಕೂ ಆಗುತ್ತದೆ. ನುಗ್ಗೆ, ಗುಲ್‌ಮೊಹರ್ ಮುಂತಾದ ಮೆದು ಮರಗಳು ಈ ಕೆಲಸಕ್ಕೆ ಬಾರವು.

ಗಾಳಿ ಬಂದಾಗ ಮತ್ತು ಹೋದ ಮೇಲೆ

ದೂಳು ಗೋಡೆಯಂತೆ ಎದ್ದು ಬರುವುದು ಕಂಡಾಗ ಬಾಗಿಲು ಕಿಟಕಿ ಮುಚ್ಚಿ ಒಳಗೆ, ಗಟ್ಟಿ ಗೋಡೆಯ ಮಗ್ಗುಲಲ್ಲಿ ಇರಬೇಕು. ತಗಡಿನ ಚಪ್ಪರದ ಕೆಳಗಾಗಲಿ ಮರದ ಕೆಳಗಾಗಲಿ ನಿಲ್ಲಬಾರದು. ಏಳುತ್ತಿರುವ ತಗಡನ್ನು ಕೈಯಿಂದ ಹಿಡಿಯಲು, ಹಗ್ಗಕ್ಕೆ ಜೋತುಬೀಳಲು ಹೋಗುವವರುಂಟು. ಒಂದೂವರೆ ಕ್ವಿಂಟಲಿನ ಲೆಕ್ಕವನ್ನು ನೆನಪಿಡಿ. ತಗಡು ಹೋದರೆ ಹೋಗಲಿ.

ಗಾಳಿ ನಿಂತ ಮೇಲೆ ಮೊದಲು ನೋಡಬೇಕಾದದ್ದು ವಿದ್ಯುತ್ ತಂತಿ. ಹರಿದ ತಂತಿ ತಗಡಿಗೆ ತಗಲಿದ್ದರೆ ಇಡೀ ಛಾವಣಿ, ಒದ್ದೆ ಗೋಡೆ, ಕಬ್ಬಿಣದ ಕಂಬ ಎಲ್ಲದರಲ್ಲೂ ವಿದ್ಯುತ್ ಹರಿಯುತ್ತಿರಬಹುದು. ಹೆಸ್ಕಾಂನ 1912 ಸಂಖ್ಯೆಗೆ ತಿಳಿಸಿ, ಅವರು ಬಂದು ನೋಡುವವರೆಗೆ ಮಕ್ಕಳನ್ನೂ ದನಗಳನ್ನೂ ದೂರ ಇಡಬೇಕು. ಒಡೆದ ಸಿಮೆಂಟ್ ಶೀಟುಗಳಿದ್ದರೆ ನೀರು ಚಿಮುಕಿಸಿ ಎತ್ತಬೇಕು. ಹಳೆಯ ಶೀಟುಗಳಲ್ಲಿ ಕಲ್ನಾರು ಇರುವುದರಿಂದ ಅವುಗಳ ಪುಡಿ ಉಸಿರಿನೊಳಗೆ ಹೋಗುವುದು ಒಳ್ಳೆಯದಲ್ಲ.

ಬಿದ್ದದ್ದನ್ನು ಎತ್ತಿಡುವ ಮೊದಲು ನಾಲ್ಕೂ ಕಡೆಯಿಂದ ಫೋಟೋ ತೆಗೆದುಕೊಂಡು, ಗ್ರಾಮ ಆಡಳಿತ ಅಧಿಕಾರಿಗೆ ಅದೇ ದಿನ ಅಥವಾ ಮರುದಿನ ತಿಳಿಸಿ ಪಂಚನಾಮೆ ಮಾಡಿಸಬೇಕು. ಮನೆಯ ಉತಾರ, ಆಧಾರ್, ಬ್ಯಾಂಕ್ ಪಾಸ್‌ಬುಕ್ ಒಂದು ಪ್ಲಾಸ್ಟಿಕ್ ಚೀಲದಲ್ಲಿ ಮೊದಲೇ ಇರಲಿ. ಪರಿಹಾರವನ್ನೇ ನಂಬಿ ಕೂಡುವುದು ಮಾತ್ರ ಬೇಡ. ವಿಪತ್ತು ಪರಿಹಾರ ನಿಧಿಗೆ ಕೇಂದ್ರ ಸರ್ಕಾರ 2022–23 ರಿಂದ 2025–26 ರ ಅವಧಿಗೆ ಗೊತ್ತುಪಡಿಸಿದ್ದ ದರದಂತೆ, ಕನಿಷ್ಠ ಶೇ. 15 ರಷ್ಟು ಹಾನಿಯಾದ ಕಚ್ಚಾ ಮನೆಗೆ ರೂ. 4,000, ಪಕ್ಕಾ ಮನೆಗೆ ರೂ. 6,500, ಮನೆಗೆ ಹೊಂದಿದ ಕೊಟ್ಟಿಗೆಗೆ ರೂ. 3,000. ಆ ನಿಧಿಯ ವಿಪತ್ತುಗಳ ಪಟ್ಟಿಯಲ್ಲಿ ಚಂಡಮಾರುತ, ಪ್ರವಾಹ, ಆಣೆಕಲ್ಲು ಮಳೆಗಳ ಹೆಸರಿದ್ದವು, ಬರಿಯ ಬಿರುಗಾಳಿಯ ಹೆಸರಿರಲಿಲ್ಲ. ಸ್ಥಳೀಯ ವಿಪತ್ತೆಂದು ರಾಜ್ಯ ಸರ್ಕಾರ ಪರಿಗಣಿಸಬೇಕಾಗಿತ್ತು. ಆದ್ದರಿಂದ ಗಾಳಿಯೊಡನೆ ಮಳೆ, ಆಣೆಕಲ್ಲು ಬಿದ್ದಿದ್ದರೆ ಅದು ಪಂಚನಾಮೆಯಲ್ಲಿ ತಪ್ಪದೆ ದಾಖಲಾಗಬೇಕು.

ಕೊನೆಯದಾಗಿ ಗೋಡೆ. ತಗಡು ಹೋಗಿ ಮಳೆಗೆ ತೊಯ್ದ ಮಣ್ಣಿನ ಗೋಡೆ ಆ ದಿನವೇ ಬೀಳಬೇಕೆಂದಿಲ್ಲ. ನೀರು ಒಳಗೆ ಇಳಿಯುತ್ತ ಹೋಗಿ, ಮಳೆ ನಿಂತು ಎರಡು ಮೂರು ದಿನಗಳಾದ ಮೇಲೂ ಕುಸಿಯಬಹುದು. ಗೋಡೆ ಹೊಟ್ಟೆ ಬಿಟ್ಟಂತೆ ಉಬ್ಬಿದ್ದರೆ, ಮೂಲೆಯಲ್ಲಿ ಮೇಲಿನಿಂದ ಕೆಳಗೆ ಬಿರುಕು ಮೂಡಿದ್ದರೆ, ಬುಡದ ಮಣ್ಣು ಉದುರುತ್ತಿದ್ದರೆ ಅದರ ಮಗ್ಗುಲಲ್ಲಿ ಯಾರೂ ಮಲಗಬಾರದು, ದನ ಕಟ್ಟಬಾರದು. ಗೋಡೆಯ ನೆತ್ತಿಗೆ ಕೂಡಲೇ ತಾಡಪತ್ರಿ ಹೊದಿಸಬೇಕು. ಪೂರ್ತಿ ಒಣಗಿದ ಮೇಲೆಯೇ ಗಿಲಾವು ಮಾಡಬೇಕು, ಅದೂ ಹೊಟ್ಟು ಮತ್ತು ಸಗಣಿ ಕಲಸಿ ಕೊಳೆಸಿದ ಮಣ್ಣಿನಿಂದ ಅಥವಾ ಸುಣ್ಣದ ಗಾರೆಯಿಂದ. ಮಣ್ಣಿನ ಗೋಡೆಗೆ ಸಿಮೆಂಟ್ ಗಿಲಾವು ಮಾಡಿದರೆ ಒಳಗಿನ ತೇವಕ್ಕೆ ಹೊರಬರಲು ದಾರಿ ಸಿಗದೆ, ಒಂದೆರಡು ಮಳೆಗಾಲಗಳಲ್ಲಿ ಅದು ಹಾಳೆಯಂತೆ ಕಳಚಿ ಬೀಳುತ್ತದೆ. ತೊಲೆಯ ಕಟ್ಟುಗಳನ್ನೂ ಗೋಡೆ ಹೀಗೆ ಒಣಗಿದ ನಂತರವೇ ಮತ್ತೊಮ್ಮೆ ಬಿಗಿಯತಕ್ಕದ್ದು.